ಧಡ್ ಅಂತ ಇಳಿದ ಪುಟ್ಟ ವಿಮಾನ: ಪೆಟ್ಟು ಎಲ್ಲಿ ಬಿದ್ದಿದೆ ಅಂತ ಹುಡುಕುವುದು ಹೇಗೆ

ಖಾಸಗಿ ಏರ್‌ಸ್ಟ್ರಿಪ್‌ಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚೂಕಮ್ಮಿ ಒಂದೇ ಥರ ಶುರುವಾಗುತ್ತವೆ. "ಸರ್, ಸ್ವಲ್ಪ ಗಟ್ಟಿಯಾಗಿ ಇಳಿದುಬಿಡ್ತು. ಏನೂ ಆಗಿಲ್ಲ. ನೀವು ಸುಮ್ನೆ ಹೂಂ ಅಂದ್ರೆ ಸಂಜೆಯೊಳಗೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ತಂದುಬಿಡ್ತೀನಿ." ಏನೂ ಆಗಿಲ್ಲ ಅಂದಮೇಲೆ ಫೋನ್ ಯಾಕೆ ಅಂತ ನಾನು ಕೇಳುವುದಿಲ್ಲ. ನೋಸ್ ವೀಲ್, ಅಂದರೆ ಮೂತಿಯ ಕೆಳಗಿನ ಚಕ್ರ, ಮೊದಲು ನೆಲ ಮುಟ್ಟಿತಾ ಅಂತ ಕೇಳುತ್ತೇನೆ. ಆ ಕಡೆ ಮಾತು ನಿಂತರೆ ಟೂಲ್ ಬಾಕ್ಸ್ ಕಾರಿಗೆ ಹಾಕುತ್ತೇನೆ.

ಇಲ್ಲಿ ಬರೆದಿರುವುದು ಸೆಸ್ನಾ 172 ಥರದ ವಿಮಾನ ಇಟ್ಟುಕೊಂಡವರಿಗೆ, ಅದನ್ನು ಹಾರಿಸುವವರಿಗೆ, ಸ್ಟ್ರಿಪ್ ನೋಡಿಕೊಳ್ಳುವವರಿಗೆ. 172 ಅನ್ನು ಆರಿಸಲು ಕಾರಣ, 1956ರಿಂದ 44,000ಕ್ಕೂ ಜಾಸ್ತಿ ತಯಾರಾಗಿವೆ. ಎಲ್ಲಿ ಹೋದರೂ ಒಂದು ನಿಂತಿರುತ್ತದೆ. ಬೇರೆ ಮಾದರಿಯಾದರೆ ಲಕ್ಷಣಗಳು ಇವೇ, ಅಳತೆಗಳು ಮಾತ್ರ ಅದರ ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೆ. ಇದನ್ನು ಓದಿ ಪರೀಕ್ಷೆ ಮಾಡಬಹುದು. ವಿಮಾನ ಹಾರಲು ಯೋಗ್ಯ ಅಂತ ಸಹಿ ಹಾಕುವುದು ಲೈಸೆನ್ಸ್ ಇರುವ ಇಂಜಿನಿಯರ್ ಮಾತ್ರ.

ಇಳಿದ ಕೂಡಲೇ

ಇಂಜಿನ್‌ಗೆ ಇಂಧನ ನಿಲ್ಲಲು ಮಿಕ್ಸ್‌ಚರ್ ನಾಬ್ ಪೂರ್ತಿ ಎಳೆಯಿರಿ, ಇಂಧನದ ವಾಲ್ವ್ ಮುಚ್ಚಿ, ಇಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಕೀ ಆಫ್, ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆಫ್. ಎಲ್ಲರೂ ಇಳಿದು, ಗಾಳಿ ಬರುವ ದಿಕ್ಕಿಗೆ ದೂರ ಹೋಗಿ ನಿಲ್ಲಿ. ಪೆಟ್ರೋಲ್ ವಾಸನೆ ಬರುತ್ತಿದೆಯಾ ನೋಡಿ. ಈ ವಿಮಾನಗಳಿಗೆ ಹಾಕುವ ಪೆಟ್ರೋಲ್, ಏವ್‌ಗ್ಯಾಸ್ 100 ಎಲ್‌ಎಲ್, ನೀಲಿ ಬಣ್ಣದ್ದು. ರೆಕ್ಕೆಯ ಬುಡದಲ್ಲಿ ಅಥವಾ ಹೊಟ್ಟೆಯ ಕೆಳಗೆ ನೀಲಿ ಕಲೆ ಕಂಡರೆ ಹತ್ತಿರ ಹೋಗುವ ಕೆಲಸ ಬೇಡ. ಮಾಸ್ಟರ್ ಮತ್ತೆ ಆನ್ ಮಾಡುವುದೂ ಬೇಡ, ಒಂದು ಕಿಡಿ ಸಾಕು. ಪ್ರೊಪೆಲರ್ ಅನ್ನು ಯಾರೂ ಕೈಯಲ್ಲಿ ತಿರುಗಿಸಕೂಡದು. ಮ್ಯಾಗ್ನೆಟೊದ ಅರ್ತಿಂಗ್ ವೈರ್ ಕಡಿದುಹೋಗಿದ್ದರೆ ಕೀ ಆಫ್ ಇದ್ದರೂ ಇಂಜಿನ್ ಒದೆಯುತ್ತದೆ.

ಯಾರಿಗಾದರೂ ಗಾಯವಾಗಿದ್ದರೆ, ಅಥವಾ ವಿಮಾನದ ಮೈ, ರೆಕ್ಕೆ, ಕಾಲು ಸೊಟ್ಟಗಾಗಿದ್ದರೆ ಅದನ್ನು ಇದ್ದಲ್ಲೇ ಬಿಡಿ. ಜನರನ್ನು ಹೊರತೆಗೆಯಲು, ಬೆಂಕಿ ತಡೆಯಲು ಎಷ್ಟು ಬೇಕೋ ಅಷ್ಟು ಮಾತ್ರ ಮುಟ್ಟಬಹುದು. ಹ್ಯಾಂಗರ್‌ಗೆ ತಳ್ಳಿ, ಟಾರ್ಪಾಲ್ ಹೊದಿಸಿ, ಆಮೇಲೆ ವಿಮಾನಯಾನದ ಸರ್ಕಾರಿ ನಿಯಂತ್ರಕರಾದ ಡಿಜಿಸಿಎಗೆ ಹೇಳಿದರಾಯಿತು ಅನ್ನುವ ಪದ್ಧತಿ ಇಲ್ಲ. ಇದು ವರದಿ ಮಾಡುವಂಥ ಪೆಟ್ಟೋ ಅಲ್ಲವೋ ಅಂತ ನೀವೇ ತೀರ್ಮಾನ ಮಾಡಬೇಡಿ. ಫೋನ್ ಮಾಡಿ, ಅವರು ಹೇಳಲಿ. ಕಾಯುವ ಹೊತ್ತಿಗೆ ಫೋಟೊ ತೆಗೆಯಿರಿ. ರನ್‌ವೇ ಮೇಲಿನ ಟೈರ್ ಗುರುತುಗಳನ್ನು ಮೊದಲು ತೆಗೆಯಿರಿ, ಮಳೆ ಬಂದರೆ ಉಳಿಯುವುದಿಲ್ಲ.

ಎಲ್ಲರೂ ಮರೆಯುವ ಇನ್ನೊಂದು ಡಬ್ಬ ಇದೆ: ಇಎಲ್‌ಟಿ, ಅಂದರೆ ಅಪಾಯದ ಸಂಕೇತ ಕಳಿಸುವ ಯಂತ್ರ. ಬಾಲದ ಕಡೆ ಕೂತಿರುವ ಈ ಟ್ರಾನ್ಸ್‌ಮಿಟರ್ ಗಟ್ಟಿ ಹೊಡೆತಕ್ಕೆ ತಾನಾಗಿಯೇ ಶುರುವಾಗುತ್ತದೆ. ಕಾಕ್‌ಪಿಟ್‌ನ ಪುಟ್ಟ ಕೆಂಪು ದೀಪ ಮಿನುಗುತ್ತಿದ್ದರೆ, ಅಥವಾ ಕೈ ರೇಡಿಯೊದಲ್ಲಿ 121.5 ಮೆಗಾಹರ್ಟ್ಸ್‌ಗೆ ಹೋದಾಗ ಮೇಲಿಂದ ಕೆಳಕ್ಕೆ ಜಾರುವ ಕೂಗು ಕೇಳಿದರೆ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಅದರ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ಬರುವುದು ನಮ್ಮ ಬೆಂಗಳೂರಿಗೇ. ಇಂಥ ಸಂಕೇತ ಹಿಡಿಯುವ ಭಾರತದ ಕೇಂದ್ರ ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ನೀವು ಎಳನೀರು ಕುಡಿಯುತ್ತಾ ಕೂತಿರುವಾಗ ಅಲ್ಲಿ ನಿಮ್ಮ ವಿಮಾನ ಬಿದ್ದಿದೆ ಅಂತ ಹುಡುಕಾಟ ಶುರುವಾಗಿರುತ್ತದೆ. ಸಹಾಯ ಬೇಡವಾದರೆ ಮೊದಲು ಹತ್ತಿರದ ವಿಮಾನ ಸಂಚಾರ ನಿಯಂತ್ರಣದವರಿಗೆ (ಎಟಿಸಿ) ಹೇಳಿ, ಆಮೇಲೆ ಅದನ್ನು ಆರಿಸಿ.

ಲಕ್ಷಣ: ಓಡುವಾಗ ನೋಸ್ ವೀಲ್ ಗಡಗಡ ನಡುಗುತ್ತದೆ

ಇದು ತೀರಾ ಹೆದರಿಸುವ ಲಕ್ಷಣ. ಇನ್ಸ್‌ಟ್ರುಮೆಂಟ್ ಪ್ಯಾನೆಲ್ ಕಣ್ಣಿಗೆ ಮಂಜಾಗುವಷ್ಟು ನಡುಗುತ್ತದೆ. ಆದರೆ ಸಾಮಾನ್ಯವಾಗಿ ಕಡಿಮೆ ದುಡ್ಡಿನಲ್ಲಿ ಮುಗಿಯುವ ರಿಪೇರಿಯೂ ಇದೇ.

ಮೊದಲು ಟೈರ್ ಗಾಳಿ. ಗೇಜ್ ಇಟ್ಟು ನೋಡಿ, ಬೂಟಿನಲ್ಲಿ ಒದ್ದು ನೋಡುವುದು ಪರೀಕ್ಷೆ ಅಲ್ಲ. ಆಮೇಲೆ ಟೈರನ್ನು ಒಂದು ಸುತ್ತು ತಿರುಗಿಸಿ, ಒಂದೇ ಕಡೆ ಚಪ್ಪಟೆ ಸವೆದಿದೆಯಾ ನೋಡಿ. ಅದಕ್ಕೆ ನೋಸ್ ವೀಲ್ ಮೇಲೆತ್ತಬೇಕು. ಬಾಲದ ಮೈ ಮೇಲೆ, ಒಳಗೆ ಬಲ್ಕ್‌ಹೆಡ್, ಅಂದರೆ ಮೈಗೆ ಆಧಾರ ಕೊಡುವ ಅಡ್ಡ ಚೌಕಟ್ಟು, ಇರುವ ರಿವೆಟ್ ಸಾಲಿನ ಹತ್ತಿರ ಒತ್ತಿ. ಹಿಂದಿನ ಅಡ್ಡ ರೆಕ್ಕೆಯ ತುದಿ ಹಿಡಿದು ಜಗ್ಗಿದರೆ ಹೊಸ ರಿಪೇರಿ ಒಂದು ಜಾಸ್ತಿಯಾಗುತ್ತದೆ.

ಚಕ್ರ ಮೇಲಿದ್ದಾಗ ಎರಡೂ ಕೈಯಲ್ಲಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಚಕ್ರವನ್ನು ಹೊತ್ತ ಕಾಲು, ಅಂದರೆ ಸ್ಟ್ರಟ್, ಅದರ ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಸೇರಿಸುವ ಕತ್ತರಿ ಆಕಾರದ ಟಾರ್ಕ್ ಲಿಂಕ್ ಇದೆಯಲ್ಲ, ಅದರ ಬುಶ್ ಸವೆದಿದ್ದರೆ ಕೈಗೆ ಕಟಕಟ ಅಂತ ಗೊತ್ತಾಗುತ್ತದೆ. ಪಕ್ಕದ ಪುಟ್ಟ ಪಿಚಕಾರಿ ಥರದ್ದು ಶಿಮ್ಮಿ ಡ್ಯಾಂಪರ್. ಅದರ ಎಣ್ಣೆ ಸೋರಿದ್ದರೆ, ಅಥವಾ ತುದಿಯ ಬೋಲ್ಟ್ ಸಡಿಲವಿದ್ದರೆ ನಡುಕ ಹಿಡಿಯುವವರು ಯಾರೂ ಇಲ್ಲ. ಒಂದು ವಿಷಯ: ಡ್ಯಾಂಪರ್ ಬದಲಾಯಿಸಿದ ಕೂಡಲೇ ನಡುಕ ಕಡಿಮೆಯಾಗುತ್ತದೆ, ಆದ್ದರಿಂದ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಲಿಂಕ್ ಸವೆದಿದ್ದರೆ ಹೊಸ ಡ್ಯಾಂಪರ್ ಕೂಡ ಬೇಗ ಹಾಳಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಇದಕ್ಕೆ ಜೀವ ಹೋಗುತ್ತದೆ. ಈ ಚಕ್ರಗಳು ಎರಡು ಹೋಳಿನವು, ಮಧ್ಯೆ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಹತ್ತಿರದ ಪಂಕ್ಚರ್ ಅಂಗಡಿಯ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಗಾಳಿ ಪೂರ್ತಿ ಬಿಡದೆ ಆ ಬೋಲ್ಟ್ ಬಿಚ್ಚಿದರೆ ಎರಡೂ ಹೋಳು ಸಿಡಿಯುತ್ತವೆ. ವಾಲ್ವ್ ಕೋರ್ ಹೊರಗೆ ತೆಗೆದು, ಟೈರ್ ಮೆತ್ತಗಾಗಿದೆ ಅಂತ ಒತ್ತಿ ನೋಡಿದ ಮೇಲೇ ಸ್ಪ್ಯಾನರ್.

ಲಕ್ಷಣ: ಒಂದು ಪಕ್ಕಕ್ಕೆ ಎಳೆಯುತ್ತದೆ

ಅಗ್ಗದ್ದರಿಂದ ಶುರು. ಆ ಪಕ್ಕದ ಟೈರ್‌ನಲ್ಲಿ ಗಾಳಿ ಕಡಿಮೆ ಇದೆಯಾ? ಬ್ರೇಕ್ ಬಿಟ್ಟಮೇಲೂ ಹಿಡಿದುಕೊಂಡೇ ಇದೆಯಾ? ಆರಿದ ಮೇಲೆ ವಿಮಾನವನ್ನು ಕೈಯಲ್ಲಿ ತಳ್ಳಿ ನೋಡಿ. ಒಂದು ಕಡೆಯಿಂದ ಸರ್ ಸರ್ ಅಂತ ಉಜ್ಜುವ ಸದ್ದು ಬಂದರೆ ಅದೇ. ಬಿಸಿ ಡಿಸ್ಕ್ ಮುಟ್ಟಿ ನೋಡಬೇಡಿ.

ಅವೆರಡೂ ಸರಿ ಇದ್ದರೆ ರನ್‌ವೇಗೆ ನಡೆದುಕೊಂಡು ಹೋಗಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಪೈಲಟ್ ನೆನಪು ಎರಡು ಗಂಟೆಯಲ್ಲಿ ಬದಲಾಗುತ್ತದೆ, ರಬ್ಬರ್ ಗುರುತು ಬದಲಾಗುವುದಿಲ್ಲ. ಎರಡೂ ಕಪ್ಪು ಗೆರೆ ಮಧ್ಯದ ಗೆರೆಗೆ ಸಮನಾಗಿ ಶುರುವಾಗಿದ್ದರೆ ವಿಮಾನ ನೇರವಾಗಿ ಇಳಿದಿದೆ. ಗೆರೆ ಓರೆಯಾಗಿ ಶುರುವಾಗಿ, ಮೊದಲ ಒಂದೆರಡು ಅಡಿ ಅಗಲವಾಗಿ ಉಜ್ಜಿ, ಆಮೇಲೆ ನೇರವಾಗಿದ್ದರೆ ಅಡ್ಡಗಾಳಿಗೆ ಜಾರುತ್ತಾ ಇಳಿದಿದೆ. ಆಷಾಢದ ಗಾಳಿಯಲ್ಲಿ ಬಯಲುಸೀಮೆಯ ಸ್ಟ್ರಿಪ್‌ಗಳಲ್ಲಿ ಇದು ಸಾಮಾನ್ಯ. ಆಗ ಹಿಂದಿನ ಕಾಲಿನ ಮೇಲೆ ಬಿದ್ದ ಭಾರ ಮೇಲಿನಿಂದಲ್ಲ, ಪಕ್ಕದಿಂದ.

172ರ ಹಿಂದಿನ ಕಾಲುಗಳು ಸ್ಪ್ರಿಂಗ್ ಸ್ಟೀಲಿನವು. ಮೇಲಿನಿಂದ ಬರುವ ಹೊಡೆತವನ್ನು ಅವು ಆರಾಮಾಗಿ ನುಂಗುತ್ತವೆ. ಪಕ್ಕದ ಹೊಡೆತಕ್ಕೆ ಕಾಲು ತಾನು ಬಗ್ಗದೆ ಅದನ್ನು ಬುಡಕ್ಕೆ ದಾಟಿಸುತ್ತದೆ. ಆದ್ದರಿಂದ ಚಕ್ರ ನೋಡಿ ಸುಮ್ಮನಾಗಬೇಡಿ, ಕಾಲು ಹೊಟ್ಟೆಯೊಳಗೆ ಹೋಗುವ ಜಾಗ ನೋಡಿ. ಬಣ್ಣ ಬಿರುಕು ಬಿಟ್ಟಿದೆಯಾ, ರಿವೆಟ್ ಸುತ್ತ ಕಪ್ಪು ಪುಡಿ ಮೆತ್ತಿಕೊಂಡಿದೆಯಾ? ಆ ಕಪ್ಪು ಪುಡಿ ಅಂದರೆ ರಿವೆಟ್ ತನ್ನ ತೂತಿನಲ್ಲಿ ಅಲ್ಲಾಡಿ ಅಲ್ಲಾಡಿ ತೇದ ಅಲ್ಯೂಮಿನಿಯಂ. ಒರೆಸಿ ಬೆಳ್ಳಗೆ ಮಾಡುವ ಮೊದಲು ಫೋಟೊ ತೆಗೆಯಿರಿ. ಇದು ಕಂಡರೆ ನಿಮ್ಮ ಕೆಲಸ ಮುಗಿಯಿತು, ಒಳಗಿನ ಬಲ್ಕ್‌ಹೆಡ್ ನೋಡಲು ನೆಲದ ತಗಡು ಬಿಚ್ಚಬೇಕು.

ಲಕ್ಷಣ: ಬ್ರೇಕ್ ಹಿಡಿಯಲಿಲ್ಲ, ರನ್‌ವೇ ಮುಗಿದು ಹೊಲಕ್ಕೆ ನುಗ್ಗಿತು

ಪೆಡಲ್ ಕಾಲಿಗೆ ಹೇಗಿತ್ತು ಅಂತ ಪೈಲಟ್‌ಗೆ ಕೇಳಿ. ಮೆತ್ತಗೆ, ಸ್ಪಂಜ್ ಥರ ಇದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಪೆಡಲ್ ಗಟ್ಟಿಯಾಗಿದ್ದೂ ವಿಮಾನ ನಿಲ್ಲದಿದ್ದರೆ ಲೈನಿಂಗ್ ಮೇಲೆ ಗಾಜಿನಂತೆ ಹೊಳಪು ಕೂತಿದೆ, ಇಲ್ಲವೇ ಡಿಸ್ಕ್‌ಗೆ ಎಣ್ಣೆ ತಾಗಿದೆ. ಬ್ರೇಕ್‌ಗಳೆಲ್ಲ ಸರಿ ಇದ್ದು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಜಾರಿರಬಹುದು, ಅದಕ್ಕೆ ಮೆಕ್ಯಾನಿಕ್ ಹತ್ತಿರ ಔಷಧಿ ಇಲ್ಲ.

ಸೋರಿದ ಎಣ್ಣೆ ತುಂಬಿಸುವಾಗ ಕಾರಿನ ಬ್ರೇಕ್ ಎಣ್ಣೆ ಹಾಕಬೇಡಿ. ಇವುಗಳಿಗೆ ಬೇಕಾದದ್ದು 5606 ಅಂತ ಕರೆಯುವ ಕೆಂಪು ಮಿನರಲ್ ಎಣ್ಣೆ. ಕಾರಿನದು ಹಾಕಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ. ಆ ದಿನ ಬ್ರೇಕ್ ಹಿಡಿಯುತ್ತದೆ, ಅದೇ ತೊಂದರೆ.

ಹೊಲಕ್ಕೆ ನುಗ್ಗಿದ್ದು ಎರೆಮಣ್ಣಿಗಾದರೆ, ಅದೂ ಮಳೆಯ ಮರುದಿನ, ಟ್ರ್ಯಾಕ್ಟರ್ ತರಿಸಿ ನೋಸ್ ಸ್ಟ್ರಟ್‌ಗೆ ಹಗ್ಗ ಕಟ್ಟಿ ಎಳೆಸಬೇಡಿ. ಇಳಿಯುವಾಗ ಆಗದ ಹಾನಿ ಎಳೆಯುವಾಗ ಆಗುತ್ತದೆ. ಚಕ್ರದ ಸುತ್ತ ಮಣ್ಣು ಅಗೆದು, ಹಲಗೆ ಹಾಸಿ, ಹಿಂದಿನ ಎರಡು ಕಾಲಿನಿಂದ ಸಮನಾಗಿ ಹಿಂದಕ್ಕೆ ಎಳೆಯಿರಿ.

ಲಕ್ಷಣ: ಸ್ಪೀಡ್ ಸರಿಯಾಗೇ ಇತ್ತು, ಆದರೂ ಕಲ್ಲು ಬಿದ್ದಂತೆ ಬಿತ್ತು

ಪೈಲಟ್ ಹೀಗೆ ಹೇಳಿದರೆ ನಗಬೇಡಿ. ನಿಜ ಇರಬಹುದು. ಏರ್‌ಸ್ಪೀಡ್ ಸೂಜಿ ಎರಡು ಒತ್ತಡಗಳ ವ್ಯತ್ಯಾಸ ತೋರಿಸುತ್ತದೆ. ಒಂದು ರೆಕ್ಕೆಯ ಕೆಳಗಿನ ಪೀಟೊ ಕೊಳವೆಯಿಂದ, ಇನ್ನೊಂದು ಮೈಮೇಲಿನ ಸ್ಟ್ಯಾಟಿಕ್ ತೂತಿನಿಂದ. ಸ್ಟ್ಯಾಟಿಕ್ ತೂತು ಮೇಲೆ ಹಾರುವಾಗ ಮುಚ್ಚಿಕೊಂಡಿತು ಅಂತಿಟ್ಟುಕೊಳ್ಳಿ. ಮೇಲಿನ ತೆಳುಗಾಳಿಯ ಒತ್ತಡ ಒಳಗೇ ಸಿಕ್ಕಿಕೊಂಡಿತು. ಕೆಳಗೆ ಇಳಿದಂತೆಲ್ಲ ಸೂಜಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಸೂಜಿ ಹೇಳುವುದು 65 ನಾಟ್, ರೆಕ್ಕೆಗೆ ಸಿಗುತ್ತಿರುವುದು ಅದಕ್ಕಿಂತ ಕಡಿಮೆ. ರನ್‌ವೇ ಮೇಲೆ ಒಮ್ಮೆಲೇ ಕೈಬಿಟ್ಟಂತೆ ಬೀಳುತ್ತದೆ. ಅಲ್ಟಿಮೀಟರ್ ಕೂಡ ಅದೇ ತೂತಿನಿಂದ ಉಸಿರಾಡುವುದು. ಇಳಿಯುವಾಗ ಅದರ ಸೂಜಿಯೂ ಅಂಟಿಕೊಂಡಿತ್ತಾ ಅಂತ ಕೇಳಿ. ಹೌದು ಅಂದರೆ ಅಲ್ಲಿಗೆ ಸಿಕ್ಕಿತು.

ಕಾರಣ ಎಷ್ಟೋ ಸಲ ನಾಚಿಕೆಯಾಗುವಷ್ಟು ಸಣ್ಣದು. ವಿಮಾನ ತೊಳೆಯುವಾಗ ತೂತಿಗೆ ಅಂಟಿಸಿದ ಟೇಪ್ ತೆಗೆದಿಲ್ಲ. ಪಾಲಿಶ್ ಮೆತ್ತಿ ತೂತು ತುಂಬಿದೆ. ಪೀಟೊ ಕೊಳವೆಯಾದರೆ ಕಣಜದ ಹುಳ. ತಿಂಗಳುಗಟ್ಟಲೆ ನಿಂತ ವಿಮಾನದ ಪೀಟೊ ಒಳಗೆ ಅದು ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿರುತ್ತದೆ. ಕವರ್ ಹಾಕಿದ್ದರೆ ಕಟ್ಟುತ್ತಿರಲಿಲ್ಲ. ಕೊಳವೆಗೆ ಬಾಯಿಯಿಂದ ಊದಬೇಡಿ, ಕಂಪ್ರೆಸರ್ ಹಿಡಿಯಬೇಡಿ, ಆ ಕಡೆ ಸೂಜಿಯ ಡಯಾಫ್ರಮ್ ಹರಿಯುತ್ತದೆ. ಲೈನ್ ಕಳಚಿಯೇ ಶುಚಿ ಮಾಡಬೇಕು, ಆಮೇಲೆ ಸೋರಿಕೆ ಪರೀಕ್ಷೆ.

ಎಲ್ಲ ತೂತುಗಳೂ ಶುಚಿ ಇದ್ದರೆ, ಬೇಸರ ಮಾಡಿಕೊಳ್ಳದೆ ಪೈಲಟ್ ಕಡೆ ತಿರುಗಿ. ವಿಶೇಷವಾಗಿ "ಬೀಳಲಿಲ್ಲ ಸರ್, ತೇಲಿಕೊಂಡು ಹೋಯಿತು, ಆಮೇಲೆ ಪುಟಿಯಿತು" ಅಂದರೆ. ಬೆಂಗಳೂರಿನ ಎತ್ತರ ಸುಮಾರು 3,000 ಅಡಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಇಲ್ಲಿನ ಗಾಳಿ 6,000 ಅಡಿಯ ಗಾಳಿಯಷ್ಟು ತೆಳು. ಸೂಜಿಯಲ್ಲಿ ಮಾಮೂಲಿ ಸ್ಪೀಡೇ ಕಂಡರೂ ನೆಲದ ಮೇಲೆ ಓಡುವುದು ಸಮುದ್ರಮಟ್ಟಕ್ಕಿಂತ ಹತ್ತಿರಹತ್ತಿರ ನೂರಕ್ಕೆ ಹತ್ತು ಭಾಗ ಜಾಸ್ತಿ. ಸ್ಟ್ರಿಪ್ ಚಿಕ್ಕದು, ಆ ತುದಿಯಲ್ಲಿ ಬೇಲಿ, ಬೇಲಿಯಾಚೆ ಕುರಿ. ಗಾಬರಿಯಲ್ಲಿ ಕಂಟ್ರೋಲ್ ಮುಂದಕ್ಕೆ ತಳ್ಳಿ ವಿಮಾನವನ್ನು ನೆಲಕ್ಕೆ ಒತ್ತುತ್ತಾರೆ. ನೋಸ್ ವೀಲ್ ಮೊದಲು ತಾಗುತ್ತದೆ, ಪುಟಿಯುತ್ತದೆ, ಮತ್ತೆ ತಳ್ಳುತ್ತಾರೆ, ಇನ್ನೂ ಜೋರಾಗಿ ಪುಟಿಯುತ್ತದೆ. ಈ ಕಥೆ ಕೇಳಿದರೆ ಮುಂದಿನ ಎರಡು ಭಾಗಗಳನ್ನು ಬಿಡದೆ ಓದಿ.

ಲಕ್ಷಣ: ಮೂತಿ ತಗ್ಗಿ ನಿಂತಿದೆ

ಇದರಲ್ಲಿ ನೂರು ರೂಪಾಯಿಯ ಕಾರಣವೂ ಇದೆ, ಲಕ್ಷಗಳ ಕಾರಣವೂ ಇದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ನೂರು ರೂಪಾಯಿಯದು ಮೊದಲು. ನೋಸ್ ಸ್ಟ್ರಟ್ ಒಳಗೆ ಎಣ್ಣೆ ಮತ್ತು ಗಾಳಿ ಇರುತ್ತದೆ. ಸೀಲ್ ಸೋತರೆ ಹೊಳೆಯುವ ಕ್ರೋಮ್ ಭಾಗ ಒಳಗೆ ಸೇರಿಕೊಳ್ಳುತ್ತದೆ, ಸುತ್ತ ಕೆಂಪು ಎಣ್ಣೆ ಜಿನುಗಿರುತ್ತದೆ. ಮ್ಯಾನ್ಯುಯಲ್ ಪ್ರಕಾರ ಎಣ್ಣೆ, ಒಣ ಗಾಳಿ ಅಥವಾ ನೈಟ್ರೋಜನ್ ತುಂಬಿಸಿದರೆ ಎದ್ದು ನಿಲ್ಲುತ್ತದೆ. ಒಳಗೆ ಒತ್ತಡ ಇರುವಾಗ ವಾಲ್ವ್ ಪೂರ್ತಿ ಬಿಚ್ಚಬೇಡಿ, ಗುಂಡಿನಂತೆ ಬರುತ್ತದೆ.

ತುಂಬಿಸಿದ ಮೇಲೂ ಏನೋ ಸರಿಯಿಲ್ಲ ಅನಿಸಿದರೆ? ಒಂದು ಸ್ಟ್ರಿಪ್‌ಗೆ ಹೋಗಿದ್ದೆ. ಮಾಲೀಕರು ಸ್ಟ್ರಟ್ ತುಂಬಿಸಿ, ಮೈ ಒರೆಸಿ, ಹೊರಡಲು ರೆಡಿ ಮಾಡಿದ್ದರು. ಎದುರಿಗೆ ನಿಂತು ನೋಡಿದರೆ ಎಲ್ಲ ಚೆನ್ನ. ಎಡ ಬಾಗಿಲು ಮುಚ್ಚಲು ಹೋದೆ, ಕೆಳಗಿನ ಮೂಲೆ ಒಂದು ನೂಲು ತಾಗಿತು. "ಮಳೆಗಾಲ ಅಲ್ವಾ, ಉಬ್ಬಿರಬೇಕು" ಅಂದರು. ನಮ್ಮ ಮನೆಯ ಹಲಸಿನ ಬಾಗಿಲು ಉಬ್ಬುತ್ತದೆ, ಅಲ್ಯೂಮಿನಿಯಂ ಬಾಗಿಲು ಉಬ್ಬುವುದಿಲ್ಲ. ರಡರ್ ಪೆಡಲ್ ಒತ್ತಿದೆ, ಬಲಗಡೆಯದು ಅರ್ಧಕ್ಕೆ ಬಿಗಿ. ಕಾರ್ಪೆಟ್ ಎತ್ತಿ, ಪೆಡಲ್‌ಗಳ ಹಿಂದೆ ತಲೆ ತೂರಿಸಿ, ಟಾರ್ಚನ್ನು ತಗಡಿಗೆ ಒರಗಿಸಿ ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಫೈರ್‌ವಾಲ್‌ನ ಕೆಳಭಾಗ ಸುಟ್ಟ ಹಪ್ಪಳದ ಹಾಗೆ ಅಲೆ ಅಲೆಯಾಗಿತ್ತು. ಮೂರು ರಿವೆಟ್‌ಗಳ ತಲೆ ಇರಲಿಲ್ಲ. ಒಂದು ಕಾರ್ಪೆಟ್ ಕೆಳಗೇ ಸಿಕ್ಕಿತು, ಅವರ ಕೈಗೆ ಕೊಟ್ಟೆ.

ಫೈರ್‌ವಾಲ್ ಅಂದರೆ ಇಂಜಿನ್‌ಗೂ ನಮ್ಮ ಕಾಲಿಗೂ ನಡುವಿನ ತಗಡಿನ ಗೋಡೆ. 172ರಲ್ಲಿ ನೋಸ್ ಸ್ಟ್ರಟ್ ಬಿಗಿದಿರುವುದು ಅದಕ್ಕೇ, ಇಂಜಿನ್ ಹೊತ್ತ ಮೌಂಟ್ ಬಿಗಿದಿರುವುದೂ ಅದಕ್ಕೇ. ಚಕ್ರಕ್ಕೆ ಬಿದ್ದ ಪೆಟ್ಟು ಅಲ್ಲಿ ಹೋಗಿ ಮುಟ್ಟುತ್ತದೆ. ಹಾಗಾಗಿ ಗಟ್ಟಿ ಇಳಿದ ವಿಮಾನದಲ್ಲಿ ಈ ಕ್ರಮದಲ್ಲಿ ನೋಡಿ: ಎರಡೂ ಬಾಗಿಲು ಮೊದಲಿನಂತೆ ಮುಚ್ಚುತ್ತವೆಯಾ, ಇಂಜಿನ್ ಕವಚಕ್ಕೂ ಮೈಗೂ ನಡುವಿನ ಸಂದು ಎಡಬಲ ಒಂದೇ ಇದೆಯಾ, ಫೈರ್‌ವಾಲ್ ಹಿಂದಿನ ಹೊಟ್ಟೆಯ ತಗಡಿನಲ್ಲಿ ಸುಕ್ಕು ಇದೆಯಾ, ಪೆಡಲ್ ಸಲೀಸಾಗಿ ಓಡುತ್ತದೆಯಾ. ಇಷ್ಟಕ್ಕೂ ಒಂದು ಪೈಸೆ ಖರ್ಚಿಲ್ಲ. ಒಂದರಲ್ಲಿ ಅನುಮಾನ ಬಂದರೂ ಹಾರಾಟ ಅಲ್ಲಿಗೆ ನಿಂತಿತು. ಸುತ್ತಿಗೆಯಿಂದ ತಟ್ಟಿ ನೇರ ಮಾಡುವ ತಗಡು ಇದಲ್ಲ.

ಲಕ್ಷಣ: ಪ್ರೊಪೆಲರ್ ತುದಿಯಲ್ಲಿ ಹಸಿರು ಕಲೆ, ಗೀರು, ಅಥವಾ ಬಾಗು

ಒಂದು ತುದಿಯಲ್ಲಿ ಹುಲ್ಲಿನ ಬಣ್ಣ ಮಾತ್ರ ಇದ್ದರೂ ಲೆಕ್ಕಕ್ಕೆ ಬರುತ್ತದೆ. ರನ್‌ವೇ ಮೇಲೆ ಸಮದೂರದಲ್ಲಿ ಸಣ್ಣ ಕಡಿತಗಳಿದ್ದರೆ ಅವು ಪ್ರೊಪೆಲರ್ ಕಚ್ಚಿದ ಗುರುತು. ತುದಿ ಮುಂದಕ್ಕೆ ಸುರುಳಿಯಾಗಿದ್ದರೆ ತಾಗುವಾಗ ಇಂಜಿನ್ ಶಕ್ತಿ ಕೊಡುತ್ತಿತ್ತು ಅಂತ, ಹಿಂದಕ್ಕೆ ಬಾಗಿದ್ದರೆ ಐಡಲ್‌ನಲ್ಲಿತ್ತು ಅಥವಾ ನಿಂತಿತ್ತು ಅಂತ ಸಾಮಾನ್ಯವಾಗಿ ಓದುತ್ತೇವೆ.

ಇಲ್ಲಿ ಮಾಲೀಕರ ಜೊತೆ ಜಗಳ ಗ್ಯಾರಂಟಿ. "ಪ್ರೊಪೆಲರ್ ಬದಲಾಯಿಸೋಣ, ಇಂಜಿನ್ ಚೆನ್ನಾಗೇ ಓಡ್ತಿದೆಯಲ್ಲ" ಅನ್ನುತ್ತಾರೆ. ಓಡುತ್ತದೆ, ನಿಜ. ಪ್ರೊಪೆಲರ್ ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ತುದಿಗೆ ನೇರವಾಗಿ ಬಿಗಿದಿದೆ, ನಡುವೆ ಕ್ಲಚ್ ಇಲ್ಲ, ಗೇರ್ ಇಲ್ಲ. ತುದಿ ಥಟ್ಟನೆ ನಿಂತರೆ ಆ ತಿರುಚು ಶಾಫ್ಟ್‌ನ ಹಿಂದಿನ ತುದಿವರೆಗೆ ಓಡುತ್ತದೆ. ಅಲ್ಲೊಂದು ಗೇರ್ ಇದೆ, ಅದನ್ನು ಹಿಡಿದಿರುವುದು ಒಂದೇ ಬೋಲ್ಟ್ ಮತ್ತು ಒಂದು ಪುಟ್ಟ ಡವೆಲ್ ಪಿನ್. ಕ್ಯಾಮ್‌ಶಾಫ್ಟ್, ಮ್ಯಾಗ್ನೆಟೊ, ಆಯಿಲ್ ಪಂಪ್ ಎಲ್ಲವೂ ತಿರುಗುವುದು ಆ ಗೇರ್‌ನಿಂದ. ಪಿನ್ ಕತ್ತರಿಸಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಅದು ಅರ್ಧ ಕತ್ತರಿಸಿದ್ದರೆ ಇಂಜಿನ್ ಚೆನ್ನಾಗಿಯೇ ಓಡುತ್ತದೆ, ಒಂದು ದಿನದವರೆಗೆ.

ಬಹುಪಾಲು 172ಗಳಲ್ಲಿರುವ ಲೈಕಮಿಂಗ್ ಕಂಪನಿಯ ಇಂಜಿನ್‌ಗಳಿಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2004ರಲ್ಲಿ ಹೊರಡಿಸಿದ ಆದೇಶ, 2004-10-14, ಇದೇ ಗೇರ್ ಬಗ್ಗೆ. ಪ್ರೊಪೆಲರ್‌ಗೆ ಪೆಟ್ಟು ಬಿದ್ದರೆ ಹಿಂಭಾಗ ಬಿಚ್ಚಿ ಗೇರ್, ಪಿನ್, ಬೋಲ್ಟ್ ಕೂರುವ ತೂತಿನ ಮರೆ (ಥ್ರೆಡ್) ಪರೀಕ್ಷಿಸಬೇಕು, ಬೋಲ್ಟ್ ಮತ್ತು ಲಾಕ್ ಪ್ಲೇಟ್ ಹೊಸದು ಹಾಕಬೇಕು. ಪೆಟ್ಟು ಅಂದರೆ ಏನು ಅಂತಲೂ ಅದರಲ್ಲಿ ಬರೆದಿದೆ. ಇಂಜಿನ್ ಓಡುತ್ತಿರಲಿ ಬಿಡಲಿ, ಸಣ್ಣ ಗೀರು ತೇಯುವುದಕ್ಕಿಂತ ಜಾಸ್ತಿ ರಿಪೇರಿ ಬ್ಲೇಡ್‌ಗೆ ಬೇಕಾದರೆ ಅದು ಪೆಟ್ಟು. ಎತ್ತರದ ಹುಲ್ಲಿಗೋ ನೀರಿಗೋ ತಾಗಿ ಆರ್‌ಪಿಎಂ ದಿಢೀರ್ ಇಳಿದರೆ ಅದೂ ಪೆಟ್ಟು. ಹ್ಯಾಂಗರ್‌ನಲ್ಲಿ ನಿಂತ ವಿಮಾನಕ್ಕೆ ಜೀಪು ಗುದ್ದಿದರೂ ಬಿಟ್ಟಿಲ್ಲ.

ಹಾಗಾಗಿ ಇಲ್ಲಿ ಮಾಲೀಕರು ಮಾಡಬಹುದಾದ ಅಗ್ಗದ ಪರೀಕ್ಷೆ ಅಂತ ಇಲ್ಲ. ಬ್ಲೇಡ್‌ಗಳು ಒಂದೇ ಜಾಡಿನಲ್ಲಿ ತಿರುಗುತ್ತವೆಯಾ ಅಂತ ಮರದ ತುಂಡು ಇಟ್ಟು ನೋಡುವುದು, ಫ್ಲಾಂಜ್‌ಗೆ ಡಯಲ್ ಗೇಜ್ ಹಿಡಿಯುವುದು, ಇವೆಲ್ಲ ಇಂಜಿನಿಯರ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಮಾಡುವ ಕೆಲಸ. ಅವು ಸರಿ ಬಂದರೂ ಹಿಂದಿನ ಗೇರ್ ಬಿಚ್ಚದೆ ಗೊತ್ತಾಗುವುದಿಲ್ಲ. ಬಾಗಿದ ಬ್ಲೇಡನ್ನು ಹಲಗೆ ಕೊಟ್ಟು ನೇರ ಮಾಡಿ ಒಂದೇ ಒಂದು ಸಲ ಹಾರಿಸಿಕೊಂಡು ಬರುತ್ತೇನೆ ಅನ್ನುವವರನ್ನೂ ನೋಡಿದ್ದೇನೆ. ಅಂಥವರ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮನೆಗೆ ಒಯ್ಯುವುದು

ಟೈರ್, ಡ್ಯಾಂಪರ್, ಬ್ರೇಕ್, ಪೀಟೊ ಇಷ್ಟರಲ್ಲೇ ಮುಗಿದರೆ ಇಂಜಿನಿಯರ್ ಸ್ಟ್ರಿಪ್‌ಗೇ ಬಂದು ರಿಪೇರಿ ಮಾಡಿ, ಲಾಗ್‌ಬುಕ್‌ನಲ್ಲಿ ಗಟ್ಟಿ ಇಳಿದದ್ದನ್ನೂ ತಪಾಸಣೆಯನ್ನೂ ಬರೆದು ಸಹಿ ಹಾಕಿದರೆ ಹಾರಬಹುದು. ಫೈರ್‌ವಾಲ್, ಕಾಲಿನ ಬುಡ, ಪ್ರೊಪೆಲರ್ ಇವುಗಳಲ್ಲಿ ಯಾವುದಕ್ಕೇ ಪೆಟ್ಟು ಬಿದ್ದಿದ್ದರೂ ಲಾರಿ ಹೇಳಿ.

ಲಾರಿ ಬರುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ಕಳಚಿ. 172ರ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್, ಬಿಚ್ಚದೆ ಯಾವ ರಸ್ತೆಯಲ್ಲೂ ಹೋಗುವುದಿಲ್ಲ. ಬಿಚ್ಚಿದ ರೆಕ್ಕೆಗಳನ್ನು ಮಲಗಿಸಬೇಡಿ. ಮುಂದಂಚು ಕೆಳಗೆ ಬರುವಂತೆ ಹತ್ತಿಯ ಗಾದಿಯ ಮೇಲೆ ನಿಲ್ಲಿಸಿ, ಚೌಕಟ್ಟಿಗೆ ಕಟ್ಟಿ. ಲಾರಿಯವರು ಹಗ್ಗವನ್ನು ಹಿಂದಿನ ಅಡ್ಡ ರೆಕ್ಕೆಯ ಮೇಲಿಂದ ಹಾಯಿಸಿ ಬಿಗಿಯುತ್ತಾರೆ, ಹುಲ್ಲು ಹೇರಿದ ಅಭ್ಯಾಸ ಅದು. ಹಗ್ಗ ಕಟ್ಟುವ ಹೊತ್ತಿಗೆ ಚಹಾ ಕುಡಿಯಲು ಹೋಗದೆ ಅಲ್ಲೇ ಪಕ್ಕದಲ್ಲಿ ನಿಂತಿರಿ.